ಕಲ್ಲಿದ್ದಲ ಕಣಿವೆಯ ಮಕ್ಕಳು

ಮಧ್ಯಾಹ್ನ ಮೂರರ ಸುಮಾರಿಗೆ ಗಣಿಯ ಸೈರನ್ ಕೂಗಿ ಬೆಳಗಿನ ಪಾಳಿ ಮುಗಿಯಿತೆಂದು ಸಾರಿದೊಡನೆ, ಬೆಟ್ಟದ ಓರೆಯಲ್ಲಿ ಸಾಲುಗಟ್ಟಿ ನಿಂತ ಕಲ್ಲುಮನೆಗಳ ಬಾಗಿಲುಗಳು ಒಂದೊಂದಾಗಿ ತೆರೆಯುತ್ತವೆ. ಮೊಳೆ ಹೊಡೆದ ಬೂಟುಗಳ ಸದ್ದು ಮೊದಲು ಕೆಳಗಿನ ರಸ್ತೆಯಿಂದ ಕೇಳಿಬಂದು, ಅನಂತರ ಕಣ್ಣಿನ ಬಿಳಿ, ಹಲ್ಲಿನ ಬಿಳಿ ಹೊರತು ಮತ್ತೆಲ್ಲವೂ ಕಪ್ಪಾದ ನೂರಾರು ಮಂದಿ ತಿರುವಿನಲ್ಲಿ ಕಾಣಿಸಿಕೊಳ್ಳುತ್ತಾರೆ. ಮುಖದಿಂದ ಯಾರನ್ನೂ ಗುರುತಿಸಲಾಗದ ಆ ಗುಂಪಿನಲ್ಲಿ ತನ್ನ ತಂದೆಯನ್ನು ನಡಿಗೆಯಿಂದಲೇ ಕಂಡುಹಿಡಿದ ಮಗುವೊಂದು ಓಡಿಹೋಗಿ, ಆತನ ಕೈಯಲ್ಲಿದ್ದ ತಗಡಿನ ಬುತ್ತಿಡಬ್ಬಿಯನ್ನು ಕಸಿದುಕೊಳ್ಳುತ್ತದೆ.

ಆ ಡಬ್ಬಿಯ ಆಕಾರವೇ ವಿಶೇಷ. ಒಂದು ತುದಿ ಚಪ್ಪಟೆ, ಇನ್ನೊಂದು ತುದಿ ದುಂಡು. ಕೊಯ್ದ ರೊಟ್ಟಿಯ ಹೋಳು ಸರಿಯಾಗಿ ಕೂರುವಂತೆ, ಸುರಂಗದ ಇಲಿಗಳ ಹಲ್ಲಿಗೆ ಸಿಕ್ಕದಂತೆ ಗಟ್ಟಿ ತಗಡಿನಲ್ಲಿ ಮಾಡಿದ್ದು. ತಂದೆ ಎಷ್ಟೇ ಹಸಿದಿದ್ದರೂ ಅದರಲ್ಲೊಂದು ತುಂಡನ್ನು ಉಳಿಸಿ ತರುತ್ತಿದ್ದನು. ಒಣಗಿ ಅಂಚು ಮುದುರಿದ, ತಗಡಿನ ಮತ್ತು ಇದ್ದಲಿನ ವಾಸನೆ ಹತ್ತಿದ ಆ ತುಂಡಿಗಾಗಿ ಒಡಹುಟ್ಟಿದವರಲ್ಲಿ ಜಗಳವಾಗುತ್ತಿದ್ದಿತು. ಮನೆಯಲ್ಲಿ ಅದೇ ರೊಟ್ಟಿಯ ಉಳಿದ ಭಾಗ ಮೆತ್ತಗೆ ಇದ್ದರೂ, ನೆಲದಾಳಕ್ಕೆ ಇಳಿದು ಮರಳಿದ ರೊಟ್ಟಿಯ ರುಚಿಯೇ ಬೇರೆಯೆಂಬುದು ಮಕ್ಕಳ ದೃಢವಾದ ನಂಬಿಕೆ.

ಬ್ರಿಟನ್ನಿನ ಕಲ್ಲಿದ್ದಲ ಊರುಗಳಲ್ಲಿ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಬೆಳೆದವರು ಮುಪ್ಪಿನಲ್ಲಿ ತಮ್ಮ ಬಾಲ್ಯವನ್ನು ನೆನೆಯುವಾಗ ಇಂತಹ ಪ್ರಸಂಗಗಳು ಮತ್ತೆ ಮತ್ತೆ ಬರುತ್ತವೆ. ಅಂತಹ ಬಾಳಿನ ವಿವರಗಳು ವಿಪುಲವಾಗಿ ದಾಖಲಾಗಿರುವ ನಾಡುಗಳಲ್ಲಿ ದಕ್ಷಿಣ ವೇಲ್ಸ್ ಒಂದು. 1973ರಲ್ಲಿ ಸ್ವಾನ್ಸೀ ನಗರದಲ್ಲಿ ಸ್ಥಾಪಿತವಾದ ದಕ್ಷಿಣ ವೇಲ್ಸ್ ಗಣಿಕಾರ್ಮಿಕರ ಗ್ರಂಥಾಲಯದಲ್ಲಿ ಪುಸ್ತಕಗಳ ಜೊತೆಗೆ ವೃದ್ಧ ಕಾರ್ಮಿಕರ ಮತ್ತು ಅವರ ಕುಟುಂಬದವರ ಮಾತುಗಳೂ ಧ್ವನಿಮುದ್ರಿತವಾಗಿ ಉಳಿದಿವೆ. ಸಿಂಗರೇಣಿಯ ಇದ್ದಲನ್ನು ರಾಯಚೂರಿನ ವಿದ್ಯುತ್ ಸ್ಥಾವರಕ್ಕೆ ಹೊತ್ತು ತರುವ ರೈಲುಗಳನ್ನು ನಾವು ಕಂಡಿದ್ದೇವೆ. ಆದರೆ ಇದ್ದಲನ್ನು ಅಗೆಯುವವರ ಮನೆಗಳಲ್ಲಿ ಮಕ್ಕಳು ಬೆಳೆಯುವ ಬಗೆಯೇನೆಂದು ನಾವು ಕೇಳಿಕೊಂಡದ್ದು ಕಡಿಮೆ. ವೇಲ್ಸಿನ ಕಣಿವೆಗಳು ಆ ಪ್ರಶ್ನೆಗೆ ಸವಿಸ್ತಾರವಾಗಿ ಉತ್ತರ ಹೇಳುತ್ತವೆ.

ಕುರಿಯ ಕಣಿವೆ ಊರಾದದ್ದು

ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ದಕ್ಷಿಣ ವೇಲ್ಸಿನ ರೋಂಡಾ ಕಣಿವೆಗಳು ಕುರಿಗಾಹಿಗಳ ಪ್ರದೇಶ. 1851ರಲ್ಲಿ ಅಲ್ಲಿ ಎರಡು ಸಾವಿರ ಜನರೂ ಇರಲಿಲ್ಲ. 1911ರ ಜನಗಣತಿಯ ಹೊತ್ತಿಗೆ ಆ ಸಂಖ್ಯೆ ಒಂದೂವರೆ ಲಕ್ಷವನ್ನು ದಾಟಿತ್ತು. ಕಾರಣ, ನೆಲದಡಿಯಲ್ಲಿ ದೊರೆತ ಕಲ್ಲಿದ್ದಲಿನ ಗುಣ. ಬಹು ಶಾಖವನ್ನು ಕೊಟ್ಟು, ಅತ್ಯಲ್ಪ ಹೊಗೆಯನ್ನು ಬಿಡುವ ಆ ಇದ್ದಲನ್ನು ಹಬೆಯ ಹಡಗುಗಳು, ವಿಶೇಷವಾಗಿ ಬ್ರಿಟಿಷ್ ನೌಕಾಪಡೆಯ ಹಡಗುಗಳು, ಬಯಸಿ ಕೊಳ್ಳುತ್ತಿದ್ದವು. 1913ರಲ್ಲಿ ದಕ್ಷಿಣ ವೇಲ್ಸಿನ ಗಣಿಗಳಲ್ಲಿ ಎರಡು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿ ದುಡಿದು ಸುಮಾರು 5 ಕೋಟಿ 60 ಲಕ್ಷ ಟನ್ ಇದ್ದಲನ್ನು ಮೇಲೆತ್ತಿದರು.

ಕಣಿವೆ ಇಕ್ಕಟ್ಟಾದುದು. ತಳದಲ್ಲಿ ಹೊಳೆ, ಅದರ ಪಕ್ಕದಲ್ಲಿ ರೈಲುಹಳಿ, ಅದರಾಚೆ ಗಣಿ. ಉಳಿದ ಓರೆಯಲ್ಲಿ ಒಂದರ ಗೋಡೆಗೆ ಒಂದು ಆತುಕೊಂಡ ಸಾಲುಮನೆಗಳು. ಎಲ್ಲಕ್ಕೂ ಮೇಲೆ, ಬೆಟ್ಟದ ನೆತ್ತಿಯಲ್ಲಿ, ಇದ್ದಲಿನೊಡನೆ ಮೇಲೆ ಬಂದ ಕಲ್ಲು, ಜೇಡಿ, ಬೂದಿಗಳನ್ನು ಸುರಿದು ಬೆಳೆಸಿದ ತ್ಯಾಜ್ಯದ ದಿಬ್ಬಗಳು. ಇದ್ದಲನ್ನು ತೊಳೆದ ನೀರು ಸೇರಿ ಹೊಳೆ ಕಪ್ಪಾಗಿ ಹರಿಯುತ್ತಿದ್ದಿತು. ಮಕ್ಕಳಿಗೆ ಈ ದಿಬ್ಬಗಳೇ ಆಟದ ಮೈದಾನ. ಹಳೆಯ ತಗಡಿನ ತುಂಡೊಂದರ ಮೇಲೆ ಕುಳಿತು ತುದಿಯಿಂದ ಬುಡದವರೆಗೆ ಜಾರುವುದು, ತಾಯಿಯ ಬೈಗುಳವನ್ನು ಲೆಕ್ಕಿಸದೆ ಮತ್ತೆ ಹತ್ತುವುದು, ಇವು ಅಲ್ಲಿಯ ನಿತ್ಯದ ವಿನೋದಗಳು. ಆ ದಿಬ್ಬಗಳ ವಿಷಯವನ್ನು ಮುಂದೆ ಹೇಳಬೇಕಾಗಿದೆ.

ಬಾಗಿಲು ಕಾಯುವ ಕೆಲಸ

ಮೊದಲು, ಮಕ್ಕಳು ತಾವೇ ಗಣಿಯೊಳಗೆ ಇಳಿಯುತ್ತಿದ್ದ ಕಾಲವನ್ನು ಸ್ಮರಿಸುವುದು ಅವಶ್ಯ. ಕಲ್ಲಿದ್ದಲಿನ ಪದರಗಳಿಂದ ಉರಿಯುವ ಅನಿಲವು ಸದಾ ಸೋರುತ್ತಿರುವುದರಿಂದ, ಸುರಂಗದ ಮೂಲೆಮೂಲೆಗೂ ಹೊಸ ಗಾಳಿಯನ್ನು ಹಾಯಿಸದೆ ಕೆಲಸ ಸಾಗದು. ಅಂದಿನ ಉಪಾಯ ಸರಳವಾದುದು: ಒಂದು ಬಾವಿಯ ತಳದಲ್ಲಿ ದೊಡ್ಡ ಬೆಂಕಿಯನ್ನು ಉರಿಸಿದರೆ ಕಾದ ಗಾಳಿ ಮೇಲೇರುತ್ತದೆ; ಆ ತೆರವನ್ನು ತುಂಬಲು ಇನ್ನೊಂದು ಬಾವಿಯಿಂದ ತಂಪು ಗಾಳಿ ಇಳಿಯುತ್ತದೆ; ನಡುವೆ ಮರದ ಬಾಗಿಲುಗಳನ್ನಿಟ್ಟು ಆ ಗಾಳಿ ಹತ್ತಿರದ ದಾರಿಯನ್ನು ಹಿಡಿಯದೆ ಎಲ್ಲ ಸುರಂಗಗಳನ್ನೂ ಸುತ್ತಿಬರುವಂತೆ ಮಾಡಬೇಕು. ಬಂಡಿ ಬಂದಾಗ ಬಾಗಿಲನ್ನು ತೆರೆಯಲು, ಅದು ದಾಟಿದೊಡನೆ ಮುಚ್ಚಲು ಒಬ್ಬರು ಬೇಕು. ಬಾಗಿಲು ತೆರೆದೇ ಉಳಿದರೆ ಗಾಳಿಯ ದಾರಿ ತಪ್ಪಿ, ಎಲ್ಲೋ ಒಂದೆಡೆ ಅನಿಲ ಶೇಖರವಾಗಿ, ಒಂದು ಕಿಡಿಗೆ ಇಡೀ ಗಣಿ ಸಿಡಿಯಬಹುದು. ನೂರಾರು ಪ್ರಾಣಗಳು ಅವಲಂಬಿಸಿದ್ದ ಈ ಕೆಲಸಕ್ಕೆ ನೇಮಕವಾಗುತ್ತಿದ್ದವರು, ಅತ್ಯಂತ ಅಗ್ಗಕ್ಕೆ ದೊರೆಯುತ್ತಾರೆಂಬ ಕಾರಣದಿಂದ, ಐದಾರು ವರ್ಷದ ಮಕ್ಕಳು.

ಮಕ್ಕಳ ದುಡಿಮೆಯನ್ನು ವಿಚಾರಿಸಲು ಸರ್ಕಾರ ನೇಮಿಸಿದ ಆಯೋಗವು 1842ರಲ್ಲಿ ತನ್ನ ವರದಿಯನ್ನು ಪ್ರಕಟಿಸಿತು. ಹನ್ನೆರಡು ಗಂಟೆಗಳ ಕಾಲ ಕತ್ತಲಲ್ಲಿ ಕುಳಿತು, ದೀಪ ಆರಿದರೆ ಮನೆಯತ್ತ ಓಡುತ್ತಿದ್ದ ಆರು ವರ್ಷದ ವೇಲ್ಸ್ ಬಾಲಕಿಯ ಮಾತೂ ಅದರಲ್ಲಿದೆ. ಆ ಕೆಲಸ ತನಗೆ ಅಷ್ಟಾಗಿ ಹಿಡಿಸದೆಂದು ಅವಳು ಅಧಿಕಾರಿಗೆ ನೇರವಾಗಿಯೇ ತಿಳಿಸಿದ್ದಾಳೆ. ಸಾವಿರಾರು ಪುಟಗಳ ಆ ವರದಿಯಲ್ಲಿ ನನ್ನ ಮನಸ್ಸನ್ನು ಬಹುವಾಗಿ ಕಲಕಿದುದು ಆ ಮಗುವಿನ ಸೌಮ್ಯವಾದ ದೂರು. ಅದೇ ವರ್ಷ ಅಂಗೀಕೃತವಾದ ಕಾಯಿದೆಯು ಎಲ್ಲ ಹೆಂಗಸರನ್ನೂ ಹೆಣ್ಣುಮಕ್ಕಳನ್ನೂ, ಹತ್ತು ವರ್ಷ ತುಂಬದ ಗಂಡುಮಕ್ಕಳನ್ನೂ ನೆಲದಡಿಯ ದುಡಿಮೆಯಿಂದ ಬಿಡಿಸಿತು. ವಯಸ್ಸಿನ ಮಿತಿ ಮೆಲ್ಲಮೆಲ್ಲನೆ ಏರಿ 1911ರಲ್ಲಿ ಹದಿನಾಲ್ಕಕ್ಕೆ ಬಂದಿತು. ಆಮೇಲೆಯೂ, ಹುಡುಗನು ಹದಿನಾಲ್ಕನೆಯ ಹುಟ್ಟುಹಬ್ಬದ ನಂತರದ ಸೋಮವಾರ ಶಾಲೆಯ ಚೀಲವನ್ನು ಬಿಟ್ಟು, ತಂದೆಯ ಪಕ್ಕದಲ್ಲಿ ಗುದ್ದಲಿ ಹಿಡಿಯಲು ಇಳಿಯುವುದು ಬಹುಮಟ್ಟಿಗೆ ಮೊದಲೇ ಗೊತ್ತಾಗಿದ್ದ ವಿಷಯವಾಗಿದ್ದಿತು.

ಒಲೆಯ ಮುಂದಿನ ಸ್ನಾನ

ಶಾಸನವು ಮಕ್ಕಳನ್ನು ಗಣಿಯಿಂದ ಹೊರತಂದಿತು. ಆದರೆ ಗಣಿಯು ಸಂಜೆಗೊಮ್ಮೆ, ರಾತ್ರಿಗೊಮ್ಮೆ ಅವರ ಮನೆಯೊಳಕ್ಕೆ ಬರುವುದನ್ನು ಯಾವ ಶಾಸನವೂ ತಡೆಯಲಿಲ್ಲ. ಗಣಿಯ ಬಳಿ ಸ್ನಾನಗೃಹಗಳಿಲ್ಲದ ಕಾಲದಲ್ಲಿ ಮೈತುಂಬ ಇದ್ದಲಿನ ಪುಡಿಯೊಡನೆ ಬಂದ ಗಂಡಸು ಅಡುಗೆಮನೆಯ ಒಲೆಯ ಮುಂದೆ, ತಗಡಿನ ತೊಟ್ಟಿಯಲ್ಲಿ ಕುಳಿತು ಮೈ ತೊಳೆಯಬೇಕಾಗಿದ್ದಿತು. ತಂದೆಯೂ ಇಬ್ಬರು ಅಣ್ಣಂದಿರೂ ಬೇರೆ ಬೇರೆ ಪಾಳಿಗಳಲ್ಲಿ ದುಡಿಯುವ ಮನೆಯಲ್ಲಿ ದಿನಕ್ಕೆ ಮೂರು ಸಲ ಹಂಡೆಗಟ್ಟಲೆ ನೀರು ಕಾಯಬೇಕು, ತೊಟ್ಟಿ ತುಂಬಬೇಕು, ಕಪ್ಪು ನೀರನ್ನು ಹೊತ್ತು ಹೊರಗೆ ಚೆಲ್ಲಬೇಕು. ತೊಯ್ದ ಬಟ್ಟೆಗಳನ್ನು ಒಲೆಯ ಸುತ್ತ ಒಣಗಿಸಿ, ಪುಡಿಯನ್ನು ಗೋಡೆಗೆ ಬಡಿದು ಉದುರಿಸಬೇಕು. ಗಣಿಯಲ್ಲಿ ಪಾಳಿಗೆ ಅವಧಿಯೊಂದಿತ್ತು. ಮನೆಯ ತಾಯಿಗೆ ಅಂತಹ ಅವಧಿಯೇ ಇರಲಿಲ್ಲ. ಆಕೆ ಯಾವಾಗ ಮಲಗುತ್ತಿದ್ದಳೋ ತಾವು ಕಾಣೆವೆಂದು ಅಲ್ಲಿ ಬೆಳೆದ ಹಲವರು ಹೇಳಿರುವುದರಲ್ಲಿ ಅತಿಶಯೋಕ್ತಿಯಿಲ್ಲ.

ಬೆನ್ನನ್ನು ತೊಳೆದರೆ ಸೊಂಟದ ಬಲ ಕುಗ್ಗುವುದೆಂಬ ನಂಬಿಕೆ ಹಳಬರಲ್ಲಿ ಬೇರೂರಿದ್ದುದರಿಂದ, ಉಳಿದ ಮೈಯೆಲ್ಲ ಬೆಳ್ಳಗಾದರೂ ಅನೇಕರ ಬೆನ್ನು ಕಪ್ಪಾಗಿಯೇ ಉಳಿಯುತ್ತಿತ್ತು. ಬೆನ್ನುಜ್ಜಲು ಒಪ್ಪುವ ತಂದೆಯಾದರೆ ಆ ಕೆಲಸ ಮಕ್ಕಳದು. ಹಾಗೆ ಉಜ್ಜುವಾಗ ಅವರ ಬೆರಳಿಗೆ ತಗಲುತ್ತಿದ್ದ ನೀಲಿ ಗೆರೆಗಳನ್ನು ಗಮನಿಸಬೇಕು. ಕಲ್ಲು ತಾಗಿ ಗೀರಿದ ಗಾಯದೊಳಕ್ಕೆ ಇದ್ದಲಿನ ಪುಡಿ ಇಳಿದು, ಚರ್ಮ ಅದರ ಮೇಲೆಯೇ ಕೂಡಿಕೊಂಡಾಗ, ಹಚ್ಚೆ ಹುಯ್ದಂತೆ ಆ ಗುರುತು ಜೀವಮಾನವಿಡೀ ನಿಲ್ಲುತ್ತದೆ. ಭುಜದ ಮೇಲೊಂದು, ಹುಬ್ಬಿನ ಮೇಲೊಂದು, ಬೆನ್ನೆಲುಬಿನ ಗಂಟುಗಳ ಮೇಲೆ ಸಾಲಾಗಿ ಹಲವು. ಬೆನ್ನೆಲುಬಿನ ಮೇಲಿನವು ತಗ್ಗಾದ ಮಾಡಿಗೆ ಬಾಗಿ ನಡೆಯುವಾಗ ತರಚಿದವು.

ಈ ಸ್ನಾನದ ಪದ್ಧತಿಗೆ ತೆತ್ತ ಬೆಲೆಯನ್ನು ನಮ್ಮಲ್ಲಿ ಬಲ್ಲವರು ವಿರಳ. ಇಕ್ಕಟ್ಟಾದ ಅಡುಗೆಮನೆಯಲ್ಲಿ, ಕುದಿಯುವ ನೀರಿನ ಪಾತ್ರೆಗಳ ನಡುವೆ ಆಡುತ್ತಿದ್ದ ಎಳೆಯ ಮಕ್ಕಳು ಆ ನೀರಿನಲ್ಲಿ ಬಿದ್ದೋ, ಅದು ಮೈಮೇಲೆ ಮಗುಚಿಯೋ ಬೆಂದು ಸಾಯುವುದು ಆ ಊರುಗಳಲ್ಲಿ ಪದೇ ಪದೇ ನಡೆಯುತ್ತಿದ್ದ ದುರಂತ. ಗಣಿಯ ಬಳಿಯೇ ಸ್ನಾನಗೃಹಗಳು ಬೇಕೆಂದು ಚಳವಳಿ ಹೂಡಿದವರ, ಅದರಲ್ಲಿಯೂ ಹೆಂಗಸರ, ಪ್ರಬಲವಾದ ವಾದಗಳಲ್ಲಿ ಇದೂ ಒಂದು. ವೇಲ್ಸಿನ ಮೊದಲನೆಯ ಸ್ನಾನಗೃಹ 1916ರಲ್ಲಿ ಟ್ರೆಹ್ಯಾರಿಸ್ ಊರಿನ ಗಣಿಯಲ್ಲಿ ತೆರೆಯಿತು. 1920ರಲ್ಲಿ, ಅಗೆದ ಪ್ರತಿ ಟನ್ನಿಗೆ ಒಂದು ಪೆನ್ನಿಯಂತೆ ಸುಂಕ ವಿಧಿಸಿ ಸ್ಥಾಪಿಸಿದ ಕಾರ್ಮಿಕ ಕಲ್ಯಾಣ ನಿಧಿಯ ನೆರವಿನಿಂದ ಅವು ಕ್ರಮೇಣ ಹೆಚ್ಚಿದವು. ತಂದೆ ಬಿಳಿಯ ಮುಖದೊಡನೆ ಮನೆಗೆ ಬಂದ ದಿನ ಗುರುತು ಸಿಗದೆ ಅತ್ತ ಮಕ್ಕಳೂ ಉಂಟೆನ್ನುತ್ತಾರೆ.

ಕೂಲಿಯ ಒಂದು ಭಾಗವಾಗಿ ಮನೆಗೆ ಇದ್ದಲು ಬರುತ್ತಿದ್ದಿತು. ಬಂಡಿಯವನು ಅದನ್ನು ಬಾಗಿಲ ಮುಂದೆ ರಸ್ತೆಯಲ್ಲಿ ಸುರಿದುಹೋದರೆ, ಶಾಲೆಯಿಂದ ಬಂದ ಮಕ್ಕಳು ಬಕೆಟ್ಟುಗಳಲ್ಲಿ ಹೊತ್ತು ಹಿತ್ತಲಿಗೆ ಸಾಗಿಸಬೇಕು. ಕೊನೆಯ ಚೂರನ್ನೂ ಗುಡಿಸಿ, ಮುಂದಿನ ಕಲ್ಲುಹಾಸನ್ನು ನೀರು ಹಾಕಿ ತೊಳೆದ ಮೇಲೆಯೇ ಬಿಡುಗಡೆ.

ಹೊತ್ತಲ್ಲದ ಹೊತ್ತಿನ ಕೂಗು

ಪಾಳಿಯ ಆರಂಭಕ್ಕೂ ಕೊನೆಗೂ ಕೂಗುವ ಸೈರನ್ನಿಗೆ ಯಾರೂ ತಲೆಯೆತ್ತುತ್ತಿರಲಿಲ್ಲ. ಅದು ಹೊತ್ತಲ್ಲದ ಹೊತ್ತಿನಲ್ಲಿ ಕೂಗಿದರೆ ಮಾತ್ರ ತರಗತಿಯಲ್ಲಿ ಪಾಠ ತಾನಾಗಿಯೇ ನಿಂತು, ಉಪಾಧ್ಯಾಯರೂ ಮಕ್ಕಳೂ ಒಬ್ಬರ ಮುಖವನ್ನೊಬ್ಬರು ನೋಡುತ್ತಿದ್ದರು. ಬೀದಿಗಳಲ್ಲಿ ಹೆಂಗಸರು ಕೈಯಲ್ಲಿದ್ದ ಕೆಲಸವನ್ನು ಬಿಟ್ಟು, ಶಾಲು ಹೊದ್ದು ಗಣಿಯ ಬಾಯಿಗೆ ನಡೆಯುತ್ತಿದ್ದರು.

1913ರ ಅಕ್ಟೋಬರ್ 14ರ ಬೆಳಗ್ಗೆ ಸೆಂಗೆನಿದ್ ಊರಿನ ಗಣಿಯಲ್ಲಿ ಸಂಭವಿಸಿದ ಸ್ಫೋಟದಲ್ಲಿ 439 ಕಾರ್ಮಿಕರು ಮಡಿದರು. ಬ್ರಿಟನ್ನಿನ ಗಣಿಗಳ ಇತಿಹಾಸದಲ್ಲಿ ಅದಕ್ಕಿಂತ ಭೀಕರವಾದ ಅಪಘಾತ ಇನ್ನೊಂದಿಲ್ಲ. ಸತ್ತವರಲ್ಲಿ ಹದಿನಾಲ್ಕು ತುಂಬಿ ಹೊಸದಾಗಿ ಇಳಿದ ಹುಡುಗರೂ ಇದ್ದರು. ಇಂತಹ ಅಪಘಾತದಲ್ಲಿ ಬೆಂಕಿಗಿಂತ ಹೆಚ್ಚು ಮಂದಿಯನ್ನು ಕೊಲ್ಲುವುದು ಅದರ ಬೆನ್ನಿಗೆ ಹರಡುವ ಗಾಳಿ. ಅನಿಲ ಹೊತ್ತಿಕೊಂಡಾಗ ಎದ್ದ ಇದ್ದಲಿನ ಧೂಳೂ ಉರಿದು, ಕಾರ್ಬನ್ ಮೊನಾಕ್ಸೈಡ್ ತುಂಬಿ, ಜ್ವಾಲೆ ಮುಟ್ಟದ ದೂರದ ಸುರಂಗಗಳಲ್ಲಿದ್ದವರೂ ಉಸಿರುಕಟ್ಟಿ ಬೀಳುತ್ತಾರೆ. ವಿಚಾರಣೆಯ ಕೊನೆಯಲ್ಲಿ ಗಣಿಯ ವ್ಯವಸ್ಥಾಪಕನಿಗೆ ವಿಧಿಸಿದ ದಂಡ 24 ಪೌಂಡ್. ಸತ್ತವರ ಸಂಖ್ಯೆಯಿಂದ ಅದನ್ನು ಭಾಗಿಸಿ, ಒಂದು ಜೀವಕ್ಕೆ ಒಂದು ಷಿಲಿಂಗ್ ಚಿಲ್ಲರೆ ಬೆಲೆ ಬಿತ್ತೆಂದು ಆ ನಾಡಿನವರು ಲೆಕ್ಕ ಹಾಕಿದರು. ಆ ಲೆಕ್ಕವನ್ನು ಇಂದಿಗೂ ಅವರು ಮರೆತಿಲ್ಲ, ಮರೆಯಬೇಕಾದ ಕಾರಣವೂ ಇಲ್ಲ.

ಸುದ್ದಿಯಾಗದ ಸಾವುಗಳೇ ಹೆಚ್ಚು. ಮಾಡು ಕುಸಿದು ಒಬ್ಬ, ಬಂಡಿಗೆ ಸಿಕ್ಕಿ ಒಬ್ಬ, ಹೀಗೆ ವಾರಕ್ಕೊಂದು ಬೀದಿಯಲ್ಲಿ ಶೋಕದ ಗುರುತಾಗಿ ಕಿಟಕಿಯ ಪರದೆಗಳು ಇಳಿಯುತ್ತಿದ್ದವು. ಅದಕ್ಕಿಂತ ನಿಧಾನವಾದುದು ಧೂಳಿನ ರೋಗ. ವರ್ಷಗಟ್ಟಲೆ ಉಸಿರಿನೊಡನೆ ಒಳಸೇರಿದ ಪುಡಿ ಶ್ವಾಸಕೋಶವನ್ನು ಗಟ್ಟಿಗೊಳಿಸಿ, ಐವತ್ತು ದಾಟದ ಮನುಷ್ಯನನ್ನು ಕಿಟಕಿಯ ಬಳಿಯ ಕುರ್ಚಿಗೆ ಅಂಟಿಸುತ್ತಿತ್ತು. ರಾತ್ರಿಯಿಡೀ ಗೋಡೆಯಾಚೆಯಿಂದ ಕೇಳುವ ಕೆಮ್ಮು, ಮಾಳಿಗೆಯ ಮೆಟ್ಟಿಲನ್ನು ಹತ್ತಲಾರದ ತಂದೆಗಾಗಿ ಕೆಳಗಿನ ಕೋಣೆಗೆ ಇಳಿಸಿದ ಮಂಚ, ಇವು ಅಲ್ಲಿಯ ಬಾಲ್ಯದ ಸಾಮಾನ್ಯ ನೆನಪುಗಳು.

ಪೆನ್ನಿಗಳಿಂದ ಎದ್ದ ಊರು

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಆ ಜನರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಅಲ್ಲಿ ಬೆಳೆದವರು ತಮ್ಮ ಬಾಲ್ಯವನ್ನು ದುಃಖದ ಕಥೆಯೆಂದು ಹೇಳಿಕೊಳ್ಳುವುದಿಲ್ಲ; ಬಹುಮಂದಿ ಅದನ್ನು ಅಭಿಮಾನದಿಂದ ಸ್ಮರಿಸುತ್ತಾರೆ. ಕಾರಣವೇನೆಂದರೆ, ಆ ಊರುಗಳಲ್ಲಿ ಮಗುವಿಗೆ ದೊರೆತ ಒಳ್ಳೆಯದರಲ್ಲಿ ಬಹುಪಾಲು ಅದರ ತಂದೆಯೂ ನೆರೆಯವರೂ ತಮ್ಮ ಕೂಲಿಯಿಂದ ಕಾಸು ಕಾಸು ಕೂಡಿಸಿ ಕಟ್ಟಿದ್ದು.

ಪೌಂಡಿಗೆ ಇಷ್ಟು ಪೆನ್ನಿಯೆಂದು ವಾರವಾರವೂ ಕೂಲಿಯಲ್ಲಿ ಹಿಡಿದ ಹಣದಿಂದ ಕಾರ್ಮಿಕ ಭವನಗಳು ಎದ್ದವು. ಅವುಗಳಲ್ಲಿ ವಾಚನಾಲಯ, ಪುಸ್ತಕ ಭಂಡಾರ, ಸಭಾಂಗಣಗಳಿದ್ದವು. ಎರಡು ಮಹಾಯುದ್ಧಗಳ ನಡುವಣ ಕಾಲದಲ್ಲಿ ಅಂತಹ ನೂರಕ್ಕೂ ಹೆಚ್ಚು ಪುಸ್ತಕ ಭಂಡಾರಗಳು ಆ ಕಣಿವೆಗಳಲ್ಲಿದ್ದವು. ಪ್ರಾರ್ಥನಾಮಂದಿರದ ಭಾನುವಾರದ ಶಾಲೆಯಲ್ಲಿ ಮಗು ನಾಲ್ಕು ಧ್ವನಿಗಳಲ್ಲಿ ಕೂಡಿ ಹಾಡಲು ಕಲಿಯುತ್ತಿದ್ದಿತು. ಅಲ್ಲಿಯ ಗಂಡಸರ ಗಾಯನವೃಂದಗಳ ಖ್ಯಾತಿ ಲೋಕವಿದಿತ.

ಟ್ರೆಡೀಗರ್ ಊರಿನಲ್ಲಿ ಕಾರ್ಮಿಕರು ಪೌಂಡಿಗೆ ಮೂರು ಪೆನ್ನಿಯಂತೆ ವಂತಿಗೆಯಿತ್ತು ನಡೆಸುತ್ತಿದ್ದ ವೈದ್ಯಕೀಯ ಸಹಾಯ ಸಂಘವು ವೈದ್ಯರನ್ನು ನೇಮಿಸಿಕೊಂಡು, ವಂತಿಗೆದಾರರ ಕುಟುಂಬಗಳಿಗೆಲ್ಲ ಚಿಕಿತ್ಸೆಯನ್ನು ಒದಗಿಸುತ್ತಿತ್ತು. ಅದೇ ಊರಿನಲ್ಲಿ 1897ರಲ್ಲಿ ಗಣಿಕಾರ್ಮಿಕನ ಮಗನಾಗಿ ಹುಟ್ಟಿ, ಹದಿಮೂರರ ಹರೆಯದಲ್ಲಿ ಶಾಲೆ ಬಿಟ್ಟು ಗಣಿಗಿಳಿದು, ಕಾರ್ಮಿಕರ ಪುಸ್ತಕ ಭಂಡಾರದಲ್ಲಿ ಓದಿ ಬೆಳೆದ ಅನೈರಿನ್ ಬೆವನ್, ತಂದೆ ಧೂಳಿನ ರೋಗದಿಂದ ಸತ್ತುದನ್ನು ಕಂಡವನು. ಆತನೇ ಮುಂದೆ ಆರೋಗ್ಯ ಮಂತ್ರಿಯಾಗಿ 1948ರ ಜುಲೈ 5ರಂದು ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಜಾರಿಗೆ ತಂದನು. ಟ್ರೆಡೀಗರಿನ ಏರ್ಪಾಡನ್ನೇ ಇಡೀ ದೇಶಕ್ಕೆ ವಿಸ್ತರಿಸುವುದು ಆತನ ಉದ್ದೇಶವಾಗಿದ್ದಿತು.

1926ರ ಬೇಸಿಗೆಯ ನೆನಪು ಇವೆಲ್ಲಕ್ಕಿಂತ ವಿಚಿತ್ರವಾದುದು. ಕೂಲಿಯನ್ನು ಇಳಿಸಲು, ದುಡಿಮೆಯ ಅವಧಿಯನ್ನು ಹೆಚ್ಚಿಸಲು ಹೊರಟ ಮಾಲೀಕರು, ಒಪ್ಪದ ಕಾರ್ಮಿಕರಿಗೆ ಗಣಿಯ ಬಾಗಿಲನ್ನು ಮುಚ್ಚಿದರು. ಏಳು ತಿಂಗಳು ಮನೆಗಳಿಗೆ ಸಂಬಳವಿಲ್ಲ. ದೊಡ್ಡವರ ಪಾಲಿಗೆ ಅದು ಸಾಲದ, ಅವಮಾನದ, ಕೊನೆಗೆ ಸೋಲಿನ ವರ್ಷ. ಮಕ್ಕಳಿಗಾದರೋ, ತಂದೆ ಹಗಲು ಹೊತ್ತು ಬಿಸಿಲಿನಲ್ಲಿ ಜೊತೆಗಿದ್ದ ವರ್ಷ. ಪ್ರಾರ್ಥನಾಮಂದಿರದ ಹಿಂದಿನ ಕೋಣೆಯಲ್ಲಿ ಊರಿನವರೆಲ್ಲ ಒಟ್ಟಿಗೆ ಉಂಡ ವರ್ಷ. ಬಣ್ಣದ ಕಾಗದದ ವೇಷ ತೊಟ್ಟು, ತಗಡಿನ ಅಗ್ಗದ ವಾದ್ಯಗಳನ್ನು ಊದುತ್ತ ಬೀದಿಬೀದಿಯ ತಂಡಗಳು ಪೈಪೋಟಿಗಿಳಿದ ವರ್ಷ. ಬಂಡಿ ಎಳೆಯುತ್ತ ನೆಲದಡಿಯ ಲಾಯದಲ್ಲಿಯೇ ಬಾಳುತ್ತಿದ್ದ ಕುದುರೆಗಳನ್ನೂ ಆಗ ಮೇಲೆ ತಂದು ಹುಲ್ಲುಗಾವಲಿಗೆ ಬಿಟ್ಟರು. ಬೆಳಕಿಗೆ ಕಣ್ಣು ಕಿರಿದು ಮಾಡಿ ಮೊದಲು ದಿಗ್ಭ್ರಮೆಗೊಂಡು ನಿಂತು, ಅನಂತರ ನೆಲದಲ್ಲಿ ಹೊರಳಿ ಕುಣಿದ ಅವುಗಳನ್ನು ನೋಡಲು ಬೇಲಿಯುದ್ದಕ್ಕೂ ಮಕ್ಕಳ ಸಾಲು. ತಾಯಿ ತನ್ನ ಪಾಲನ್ನು ಮಕ್ಕಳ ತಟ್ಟೆಗೆ ಸರಿಸುತ್ತಿದ್ದಳೆಂಬುದು ಅವರಿಗೆ ಅರಿವಾದುದು ಬಹು ವರ್ಷಗಳ ಮೇಲೆ.

ದಿಬ್ಬ ಜಾರಿದ ದಿನ

ಇಪ್ಪತ್ತನೆಯ ಶತಮಾನದ ಉತ್ತರಾರ್ಧಕ್ಕೆ ಬರುವ ಹೊತ್ತಿಗೆ ಗಣಿಗಳು ರಾಷ್ಟ್ರದ ಸ್ವತ್ತಾಗಿದ್ದವು, ಶಾಲೆ ಹದಿನೈದರವರೆಗೆ ಕಡ್ಡಾಯವಾಗಿದ್ದಿತು. ಮಕ್ಕಳು ಇರಬೇಕಾದ ಸ್ಥಳದಲ್ಲಿಯೇ ಇದ್ದರು. 1966ರ ಅಕ್ಟೋಬರ್ 21ರ ಶುಕ್ರವಾರ, ಅವಧಿಯ ನಡುವಣ ರಜೆಗೆ ಹಿಂದಿನ ದಿನ, ಅಬರ್ವಾನ್ ಗ್ರಾಮದ ಪಾಂಟ್‌ಗ್ಲಾಸ್ ಶಾಲೆಯಲ್ಲಿ ಮಕ್ಕಳು ತರಗತಿಗಳಲ್ಲಿ ಕುಳಿತಿದ್ದರು. ಒಂಬತ್ತೂಕಾಲರ ಸುಮಾರಿಗೆ, ಮೇಲಿನ ಬೆಟ್ಟದಲ್ಲಿ ಮರ್ಥರ್ ವೇಲ್ ಗಣಿಯ ಏಳನೆಯ ತ್ಯಾಜ್ಯದ ದಿಬ್ಬ ಕುಸಿದು, ಕೆಸರಿನ ಪ್ರವಾಹವಾಗಿ ಶಾಲೆಯ ಮೇಲೂ ಪಕ್ಕದ ಮನೆಗಳ ಮೇಲೂ ಎರಗಿತು. ಕಣಿವೆಯಲ್ಲಿ ಮಂಜು ಮುಸುಕಿದ್ದುದರಿಂದ ಕೆಳಗಿನವರು ಅದನ್ನು ಕಾಣಲಿಲ್ಲ, ಸದ್ದನ್ನು ಮಾತ್ರ ಕೇಳಿದರು. ಸತ್ತವರು 144 ಮಂದಿ. ಅವರಲ್ಲಿ 116 ಮಕ್ಕಳು, ಬಹುಪಾಲು ಏಳರಿಂದ ಹತ್ತು ವರ್ಷದೊಳಗಿನವರು. ಗಣಿಯೊಳಗಿದ್ದ ತಂದೆಯರು ಸುದ್ದಿ ಕೇಳಿ ಮೇಲೆ ಬಂದು, ತಮ್ಮ ಗುದ್ದಲಿಗಳಿಂದಲೇ ಶಾಲೆಯನ್ನು ಅಗೆದರು.

ಇದು ದೈವದ ಕೋಪವಲ್ಲ. 1958ರಲ್ಲಿ ಆರಂಭವಾದ ಆ ದಿಬ್ಬವನ್ನು ನೀರಿನ ಒರತೆಯ ಮೇಲೆ ಸುರಿದಿದ್ದರು. ಒಳಗೊಳಗೇ ನೆನೆದ ಪುಡಿ ಮಳೆಯ ದಿನಗಳಲ್ಲಿ ದ್ರವದಂತೆ ಜಾರಿತು. ಶಾಲೆಯ ಹಿಂದೆ ಸುರಿಯುತ್ತಿರುವ ತ್ಯಾಜ್ಯದಿಂದ ಅಪಾಯವಿದೆಯೆಂದು ಸ್ಥಳೀಯ ಆಡಳಿತದವರು 1963ರಲ್ಲಿಯೇ ಕಾಗದ ಬರೆದಿದ್ದರು. ವಿಚಾರಣಾ ಮಂಡಳಿಯು 1967ರಲ್ಲಿ ರಾಷ್ಟ್ರೀಯ ಕಲ್ಲಿದ್ದಲು ಮಂಡಳಿಯೇ ಹೊಣೆಯೆಂದು ನಿರ್ಣಯಿಸಿತು. ಆದರೂ ಒಬ್ಬ ಅಧಿಕಾರಿಗೂ ಶಿಕ್ಷೆಯಾಗಲಿಲ್ಲ. ಅಷ್ಟೇ ಅಲ್ಲ, ಉಳಿದ ದಿಬ್ಬಗಳನ್ನು ತೆಗೆಯುವ ವೆಚ್ಚಕ್ಕೆಂದು, ಸಂತ್ರಸ್ತರಿಗಾಗಿ ಲೋಕವೆಲ್ಲ ಕಳುಹಿದ ಸಹಾಯನಿಧಿಯಿಂದಲೇ 1,50,000 ಪೌಂಡುಗಳನ್ನು ಪಡೆಯಲಾಯಿತು. ಆ ಮೊತ್ತ ಹಿಂದಿರುಗಿದುದು 1997ರಲ್ಲಿ, ಬಡ್ಡಿಯಿಲ್ಲದೆ. ಮಕ್ಕಳನ್ನು ಕಳೆದುಕೊಂಡವರ ಕೈಯಿಂದ ಆ ದಿಬ್ಬವನ್ನು ತೆಗೆಯುವ ಕೂಲಿಯನ್ನು ವಸೂಲು ಮಾಡಿದ ಈ ಕೃತ್ಯಕ್ಕೆ ಯಾವ ಸಮರ್ಥನೆಯೂ ನನಗೆ ತೋರುವುದಿಲ್ಲ. ಬದುಕಿ ಉಳಿದ ಮಕ್ಕಳು ಎಷ್ಟೋ ಕಾಲ ಬೀದಿಯಲ್ಲಿ ಆಡಲು ಹಿಂಜರಿದರು. ಮಕ್ಕಳನ್ನು ಕಳೆದುಕೊಂಡ ಮನೆಗಳವರು ತಮ್ಮನ್ನು ನೋಡಿ ನೊಂದಾರೆಂಬ ಸಂಕೋಚ ಆ ಎಳೆಯ ಮನಸ್ಸುಗಳನ್ನು ಕಾಡುತ್ತಿತ್ತು.

ಗಣಿ ಹೋಯಿತು, ದಿಬ್ಬ ಉಳಿಯಿತು

1984ರ ಮಾರ್ಚಿನಿಂದ ಒಂದು ವರ್ಷ ನಡೆದ ಗಣಿಕಾರ್ಮಿಕರ ಮುಷ್ಕರ ಸೋತ ಮೇಲೆ ಗಣಿಗಳು ಒಂದೊಂದಾಗಿ ಮುಚ್ಚಿದವು. ರೋಂಡಾದ ಕೊನೆಯ ಗಣಿ 1990ರ ಡಿಸೆಂಬರಿನಲ್ಲಿ ಮುಚ್ಚಿತು. ಹೊಳೆಗಳು ತಿಳಿಯಾಗಿವೆ, ಮೀನುಗಳು ಮರಳಿವೆ. ಬ್ಲೇನಾವನ್ ಊರಿನ ಬಿಗ್ ಪಿಟ್ ಗಣಿ ಈಗ ವಸ್ತುಸಂಗ್ರಹಾಲಯ.

ದಿಬ್ಬಗಳು ಮಾತ್ರ ಹೋಗಿಲ್ಲ. ಹುಲ್ಲು ಹೊದ್ದು ಗುಡ್ಡಗಳಂತೆಯೇ ಕಾಣುವ, ಬಳಕೆಯಲ್ಲಿಲ್ಲದ ಎರಡೂವರೆ ಸಾವಿರಕ್ಕೂ ಹೆಚ್ಚು ಕಲ್ಲಿದ್ದಲ ದಿಬ್ಬಗಳನ್ನು ವೇಲ್ಸ್ ಸರ್ಕಾರ ಗುರುತಿಸಿದೆ. 2020ರ ಫೆಬ್ರವರಿಯ ಬಿರುಮಳೆಯಲ್ಲಿ ರೋಂಡಾದ ಟೈಲರ್ಸ್‌ಟೌನ್ ಬಳಿ ಅಂತಹದೊಂದು ಜಾರಿ ಹೊಳೆಗೆ ಬಿದ್ದಿತು, ಜೀವಹಾನಿಯಾಗಲಿಲ್ಲ. ನಮ್ಮ ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿದ ಮೇಲೆಯೂ ಅಲ್ಲಿಯ ಸಯನೈಡ್ ದಿಬ್ಬಗಳ ಧೂಳು ಗಾಳಿ ಎದ್ದಾಗಲೆಲ್ಲ ಊರಿನ ಮನೆಗಳಿಗೆ ನುಗ್ಗುವುದನ್ನು ಬಲ್ಲವರಿಗೆ ಈ ಸಮಸ್ಯೆಯನ್ನು ವಿವರಿಸಬೇಕಾಗಿಲ್ಲ. ಟೈಲರ್ಸ್‌ಟೌನಿನ ಕುಸಿತದ ಮರುದಿನದಿಂದಲೇ ಆ ಕಣಿವೆಗಳ ಹಿರಿಯರು ಅಬರ್ವಾನನ್ನು ನೆನೆದು ತಮ್ಮ ಮೇಲಿನ ಬೆಟ್ಟದ ಸ್ಥಿತಿಯೇನೆಂದು ವಿಚಾರಿಸತೊಡಗಿದರು. ದಿಬ್ಬಗಳನ್ನು ಪರಿಶೀಲಿಸಿ ನೋಡಿಕೊಳ್ಳಲು ಪ್ರತ್ಯೇಕವಾದ ಪ್ರಾಧಿಕಾರವೊಂದನ್ನು ರಚಿಸುವ ಕಾನೂನಿಗೆ ವೇಲ್ಸಿನ ಶಾಸನಸಭೆ 2025ರಲ್ಲಿ ಸಮ್ಮತಿಯಿತ್ತಿದೆ.